ಕೂಡಿಸುವ ಸಮಾಲೋಚನೆ, ಬೆಳೆಸುವ ಒಪ್ಪಂದ

ಕುಟುಂಬ ನ್ಯಾಯಾಲಯಗಳಿಗೆ ನ್ಯಾಯಾಧೀಶರನ್ನು ಆರಿಸುವಾಗ ಯಾವ ಗುಣಗಳನ್ನು ನೋಡಬೇಕೆಂದು 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ 4ನೆಯ ಕಲಮು ಹೇಳುತ್ತದೆ: ಅವರು ವಿವಾಹ ಎಂಬ ವ್ಯವಸ್ಥೆಯನ್ನು ಕಾಪಾಡಿ ಉಳಿಸುವ ಅಗತ್ಯಕ್ಕೂ ಮಕ್ಕಳ ಕ್ಷೇಮವನ್ನು ಹೆಚ್ಚಿಸುವುದಕ್ಕೂ ಬದ್ಧರಾದವರಾಗಿರಬೇಕು. ಎರಡು ಗುರಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿರುವ ಈ ವಾಕ್ಯದ ಒಳಗೆ, ಮದುವೆ ಉಳಿದರೆ ಮಗುವಿನ ಕ್ಷೇಮ ತಾನಾಗಿಯೇ ಉಳಿಯುತ್ತದೆ ಎಂಬ ಎಣಿಕೆಯೊಂದು ಅಡಗಿದೆ. ಬಹುಪಾಲು ಸಂಸಾರಗಳ ಮಟ್ಟಿಗೆ ಆ ಎಣಿಕೆ ತಪ್ಪೂ ಅಲ್ಲ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಸಂಸಾರಗಳಲ್ಲಿ ಒಂದು ದೊಡ್ಡ ಪಾಲು ಮತ್ತೆ ಕೂಡುವುದಿಲ್ಲ. ಕೂಡದೆ ಹೋದಾಗ ಆ ವಾಕ್ಯದ ಮೊದಲರ್ಧ ಬಿದ್ದುಹೋಗಿ, ಎರಡನೆಯ ಅರ್ಧವನ್ನು ಯಾರು, ಎಲ್ಲಿ, ಯಾವ ವಿಧಾನದಿಂದ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕರ್ನಾಟಕದಲ್ಲಿ ದಂಪತಿಗಳನ್ನು ಕೂಡಿಸುವ ಸಮಾಲೋಚನೆಗೆ ಬಾಗಿಲುಗಳು ಸಾಕಷ್ಟಿವೆ, ಬೇರೆಯಾದವರು ಒಟ್ಟಾಗಿ ಮಗುವನ್ನು ಬೆಳೆಸುವುದು ಹೇಗೆಂದು ಕೂತು ತೀರ್ಮಾನಿಸುವುದಕ್ಕೆ ಪ್ರತ್ಯೇಕವಾದ ಜಾಗವಿಲ್ಲ ಎಂಬುದೇ ಈ ಉಪನ್ಯಾಸದ ವಾದ.

ಮೊದಲು ಪದಗಳ ವಿಚಾರ. ಸಮಾಲೋಚನೆ ಅಥವಾ ಆಪ್ತಸಲಹೆ ಎಂದರೆ ತರಬೇತಿ ಪಡೆದವರೊಬ್ಬರು ಗಂಡ ಹೆಂಡಿರ ಮಾತನ್ನು ಬೇರೆಬೇರೆಯಾಗಿಯೂ ಒಟ್ಟಿಗೆ ಕೂರಿಸಿಕೊಂಡೂ ಕೇಳಿ, ವೈಮನಸ್ಯದ ಬೇರು ಎಲ್ಲಿದೆಯೆಂಬುದನ್ನು ಅವರೇ ಕಂಡುಕೊಳ್ಳುವಂತೆ ಮಾಡುವ ಕೆಲಸ; ಅದರ ವ್ಯವಹಾರವೆಲ್ಲ ಮುಖ್ಯವಾಗಿ ಮನಸ್ಸಿನ ಜೊತೆಗೆ. ಮಧ್ಯಸ್ಥಿಕೆ ಎಂದರೆ ಯಾವ ಪಕ್ಷಕ್ಕೂ ಸೇರದ ಮೂರನೆಯವರೊಬ್ಬರ ಎದುರು ಇಬ್ಬರೂ ಕೂತು, ಮುಂದೆ ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ತಾವೇ ಒಪ್ಪಂದಕ್ಕೆ ಬರುವುದು. ಮಧ್ಯಸ್ಥರು ದಾರಿ ತೋರಿಸಬಹುದೇ ಹೊರತು ತೀರ್ಪು ಕೊಡುವಂತಿಲ್ಲ. ಕನ್ನಡದ ಕಾನೂನು ಬರವಣಿಗೆಯಲ್ಲಿ ತೀರ್ಪು ಕೊಡುವ ಅಧಿಕಾರವಿರುವ ಆರ್ಬಿಟ್ರೇಷನ್ನಿಗೂ ಆ ಅಧಿಕಾರವಿಲ್ಲದ ಮೀಡಿಯೇಷನ್ನಿಗೂ ‘ಮಧ್ಯಸ್ಥಿಕೆ’ ಎಂಬ ಒಂದೇ ಪದವನ್ನು ಬಳಸಿರುವುದುಂಟು, ಇದರಿಂದ ಜನರಲ್ಲಿ ಆಗಿರುವ ಗೊಂದಲವೂ ಸಣ್ಣದಲ್ಲ. ಪೋಷಕರ ಮಧ್ಯಸ್ಥಿಕೆ ಎಂಬುದು ಮೀಡಿಯೇಷನ್ನಿನ ಒಂದು ಕವಲು: ಇಲ್ಲಿ ಎದುರುಬದುರು ಕೂರುವವರು ಗಂಡ ಹೆಂಡತಿಯಾಗಿ ಕೂರುವುದಿಲ್ಲ, ಒಂದು ಮಗುವಿನ ತಂದೆ ತಾಯಿಯಾಗಿ ಕೂರುತ್ತಾರೆ, ಮದುವೆ ಯಾಕೆ ಮುರಿಯಿತು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಈ ನಾಡಿಗೆ ಇದೆಲ್ಲ ಪೂರ್ತಿ ಹೊಸತೂ ಅಲ್ಲ. ಹಿರಿಯರ ಪಂಚಾಯಿತಿ ಎಂಬುದು ಸಂಸಾರದ ಜಗಳಗಳಿಗೆ ಬಹುಕಾಲದಿಂದ ಇದ್ದ ವೇದಿಕೆ. ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ‘ಸೋಡಚೀಟಿ’ ಎಂಬ ಬಿಡುಗಡೆ ಪತ್ರದ ಮೂಲಕ ಮದುವೆ ಕಳಚಿಕೊಳ್ಳುವ ರೂಢಿಯೂ ಇತ್ತು, ಅಂಥ ರೂಢಿಗತ ವಿಚ್ಛೇದನದ ಹಕ್ಕನ್ನು 1955ರ ಹಿಂದೂ ವಿವಾಹ ಅಧಿನಿಯಮದ 29ನೆಯ ಕಲಮು ಉಳಿಸಿಕೊಂಡಿದೆ. ಆದರೆ ಪಂಚಾಯಿತಿ ಮಧ್ಯಸ್ಥಿಕೆಯಲ್ಲ. ಅಲ್ಲಿ ಹಿರಿಯರು ಕೇಳುತ್ತಾರೆ, ಬೈಯುತ್ತಾರೆ, ಕೊನೆಗೆ ‘ಹೀಗೆ ಮಾಡಿ’ ಎಂದು ಹೇಳಿಯೇ ಬಿಡುತ್ತಾರೆ, ಹೆಣ್ಣಿನ ಕಡೆಯ ಮಾತನ್ನು ಬಹುಮಟ್ಟಿಗೆ ಅವಳ ತಂದೆಯೋ ಅಣ್ಣನೋ ಆಡುತ್ತಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಆ ಪಂಚಾಯಿತಿಯ ತತ್ತ್ವವನ್ನು ಪೂರ್ತಿಯಾಗಿ ಹೇಳುತ್ತದೆ. ಕೂಸು ಬಡವಾಯಿತೆಂದು ಮರುಗುವ ಇನ್ನೊಂದು ಗಾದೆಯೂ ನಮ್ಮಲ್ಲಿದೆ, ಆದರೆ ಬಡವಾದ ಕೂಸಿಗಾಗಿ ಯಾರೂ ಪಂಚಾಯಿತಿ ಸೇರಿಸಿದಂತೆ ಕಾಣುವುದಿಲ್ಲ.

ಕಾನೂನಿನ ಇತಿಹಾಸವೂ ಮೊದಲ ಗಾದೆಯ ಕಡೆಗೇ ವಾಲಿದೆ. ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಸ್ಥಾಪಕ ಅಧ್ಯಕ್ಷೆ ದುರ್ಗಾಬಾಯಿ ದೇಶಮುಖ್ ಅವರು 1953ರಲ್ಲಿ ಚೀನಾಕ್ಕೆ ಹೋಗಿದ್ದಾಗ ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನು ಕಂಡು ಬಂದು, ಎಂ.ಸಿ. ಛಾಗ್ಲಾ, ಪಿ.ಬಿ. ಗಜೇಂದ್ರಗಡಕರ್ ಅವರಂಥ ನ್ಯಾಯಮೂರ್ತಿಗಳೊಡನೆ ಚರ್ಚಿಸಿ, ಇಲ್ಲಿಯೂ ಅಂಥದೊಂದು ಬೇಕೆಂದು ಒತ್ತಾಯಿಸಿದ್ದರು. 1974ರಲ್ಲಿ ಕಾನೂನು ಆಯೋಗದ 59ನೆಯ ವರದಿ ಕುಟುಂಬದ ವ್ಯಾಜ್ಯಗಳನ್ನು ಸಾಮಾನ್ಯ ಸಿವಿಲ್ ದಾವೆಗಳಂತೆ ನೋಡಬಾರದೆಂದಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 32ಎ ಆದೇಶ ಸೇರಿ, ಇಂಥ ದಾವೆಗಳಲ್ಲಿ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವಾಯಿತು. ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1983ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಕುಟುಂಬ ಸಮಾಲೋಚನಾ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು, ಅದರ ಮರುವರ್ಷವೇ ಕುಟುಂಬ ನ್ಯಾಯಾಲಯಗಳ ಅಧಿನಿಯಮ ಬಂದಿತು. ಈ ಅಧಿನಿಯಮ ಅಂದಿನ ಮಟ್ಟಿಗೆ ಧೈರ್ಯದ ಕೆಲಸವೆಂದೇ ಹೇಳಬೇಕು: 13ನೆಯ ಕಲಮಿನ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಪಕ್ಷಕಾರರ ಹಕ್ಕಲ್ಲ, 11ನೆಯ ಕಲಮು ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಲು ಬಿಡುತ್ತದೆ, 6ನೆಯ ಕಲಮು ನ್ಯಾಯಾಲಯಕ್ಕೆ ಸಮಾಲೋಚಕರನ್ನು ಒದಗಿಸುತ್ತದೆ, 9ನೆಯ ಕಲಮು ರಾಜಿಯಾಗುವ ಸಂಭವ ಕಂಡರೆ ವಿಚಾರಣೆಯನ್ನೇ ಮುಂದೂಡುವ ಅಧಿಕಾರ ಕೊಡುತ್ತದೆ. ವಕೀಲರಿಲ್ಲದ ನ್ಯಾಯಾಲಯ ಎಂಬ ಕನಸು ಮಾತ್ರ ಬಾಳಲಿಲ್ಲ. ನ್ಯಾಯಾಲಯದ ಅನುಮತಿ ಪಡೆದು ವಕೀಲರು ಹಾಜರಾಗುವುದೇ ಇಂದು ವಾಡಿಕೆಯಾಗಿದೆ.

ಕರ್ನಾಟಕದಲ್ಲಿ ಈಗಿರುವ ಬಾಗಿಲುಗಳು ಹಲವು. ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ನಡೆದುಬಂದ ವನಿತಾ ಸಹಾಯವಾಣಿ, 2000-01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಸಾಂತ್ವನ’ ಕೇಂದ್ರಗಳು, 2015ರ ನಂತರ ಬಂದ ‘ಸಖಿ’ ಕೇಂದ್ರಗಳು, ಮಹಿಳಾ ಪೊಲೀಸ್ ಠಾಣೆಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು, ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇವೆಲ್ಲ ಒಂದಲ್ಲ ಒಂದು ಬಗೆಯ ಸಮಾಲೋಚನೆ ನಡೆಸುತ್ತವೆ. ನ್ಯಾಯಾಲಯದ ಒಳಗಿನ ಮಧ್ಯಸ್ಥಿಕೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು ಆಧಾರ. ಇದು 2002ರ ಜುಲೈನಿಂದ ಜಾರಿಯಲ್ಲಿದೆ, ಅದರ ಬಲದ ಮೇಲೆ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಕೆಲಸ ಆರಂಭಿಸಿತು. ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ ಕಟ್ಟಡದಲ್ಲಿ ಕುಟುಂಬ ನ್ಯಾಯಾಲಯವೂ ಮಧ್ಯಸ್ಥಿಕೆ ಕೇಂದ್ರವೂ ಒಂದೇ ಸೂರಿನಡಿ ಇರುವುದರಿಂದ, ಅರ್ಜಿ ಹಾಕಿದ ಗಂಡ ಹೆಂಡತಿ ಬೇರೆ ಮಹಡಿಗೆ ಹೋದರೆ ಸಾಕು, ಮೇಜಿನ ಸುತ್ತ ಕೂರಬಹುದು. ಅಲ್ಲಿರುವವರು ಕನಿಷ್ಠ 40 ಗಂಟೆಗಳ ತರಬೇತಿ ಪಡೆದ ಮಧ್ಯಸ್ಥರು, ಬಹುಪಾಲು ಅನುಭವಿ ವಕೀಲರು. ಪಕ್ಷಕಾರರು ಶುಲ್ಕ ಕೊಡಬೇಕಾಗಿಲ್ಲ. ಮೊದಲು ಇಬ್ಬರನ್ನೂ ಕೂರಿಸಿಕೊಂಡು ನಿಯಮ ವಿವರಿಸುವುದು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಪ್ರತ್ಯೇಕ ಮಾತುಕತೆ ನಡೆಸುವುದು, ಪ್ರತ್ಯೇಕ ಮಾತಿನಲ್ಲಿ ತಿಳಿದದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸದಿರುವುದು, ಮೇಜಿನ ಮೇಲೆ ಆಡಿದ ಯಾವ ಮಾತನ್ನೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸದಿರುವುದು ಇವು ಆ ಕೆಲಸದ ಕಟ್ಟುಪಾಡುಗಳು. ಒಪ್ಪಂದವಾದರೆ ಅದು ಬರಹಕ್ಕಿಳಿದು, ಸಹಿಯಾಗಿ, ನ್ಯಾಯಾಲಯದ ಆದೇಶದ ಭಾಗವಾಗುತ್ತದೆ.

ಇಷ್ಟು ಏರ್ಪಾಡು ಇದ್ದೂ ಮಗುವಿನ ವಿಷಯ ಎಲ್ಲಿ ಜಾರಿಹೋಗುತ್ತದೆ ಎಂಬುದನ್ನು ನೋಡಬೇಕು. ಸಮಾಲೋಚಕರ ಮುಂದೆ ಮೊದಲು ಬರುವ ಪ್ರಶ್ನೆ ‘ಮತ್ತೆ ಜೊತೆಗೆ ಬಾಳುತ್ತೀರಾ’ ಎಂಬುದು. ಇಬ್ಬರಲ್ಲಿ ಒಬ್ಬರು ಇಲ್ಲವೆಂದರೆ ಸಂಧಾನ ವಿಫಲವೆಂದು ವರದಿ ಹೋಗುತ್ತದೆ, ಸಮಾಲೋಚನೆಯ ಪಾತ್ರ ಅಲ್ಲಿಗೆ ಬಹುಪಾಲು ಮುಗಿದಂತೆ. ಮುಂದೆ ಮಧ್ಯಸ್ಥಿಕೆಯ ಮೇಜಿಗೆ ಬಂದಾಗ ಹೊತ್ತೆಲ್ಲ ಹೋಗುವುದು ಶಾಶ್ವತ ಜೀವನಾಂಶದ ಮೊತ್ತ, ಒಡವೆ ವಸ್ತುಗಳ ವಾಪಸಾತಿ, ಪರಸ್ಪರ ಹೂಡಿದ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವ ಕ್ರಮ ಇವುಗಳಿಗೆ. ಹಣದ ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ, ಮಗುವಿಗೆ ಒಂದು ಕಂಡಿಕೆ ಸಿಕ್ಕರೆ ಹೆಚ್ಚು. ‘ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆಗೆ ಮಗುವನ್ನು ಭೇಟಿಯಾಗುವ ಹಕ್ಕಿರತಕ್ಕದ್ದು’ ಎಂಬ ಬಗೆಯ ಸಾಲು ಆ ಕಂಡಿಕೆಯ ಮಾದರಿ.

ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕಿಗೂ ರಾಜ್ಯ ಸರ್ಕಾರದ ಕಚೇರಿಗೂ ರಜೆಯ ದಿನಗಳು. ಶಾಲೆಗೆ ಹೋಗುವ ಮಗುವಿಗೆ ಮಾತ್ರ ಶನಿವಾರ ಬೆಳಗಿನ ತರಗತಿಯ ದಿನ. ಅಂದರೆ ಭೇಟಿಯ ಹೊತ್ತು ದೊಡ್ಡವರ ಹಾಜರಿ ಪುಸ್ತಕ ನೋಡಿ ಗೊತ್ತುಮಾಡಿದ್ದು. ಮಗುವನ್ನು ಯಾರು ಕರೆತರಬೇಕು, ಬಿಡುವ ಜಾಗ ತಾಯಿಯ ತವರುಮನೆಯ ಬಾಗಿಲೋ, ಬಸ್ ನಿಲ್ದಾಣವೋ, ನ್ಯಾಯಾಲಯದ ಆವರಣದಲ್ಲಿ ಮಕ್ಕಳಿಗೆಂದು ಬಿಟ್ಟ ಕೋಣೆಯೋ, ಆ ದಿನ ಜ್ವರ ಬಂದಿದ್ದರೆ ಭೇಟಿ ಮುಂದಿನ ವಾರಕ್ಕೆ ಹೋಗುತ್ತದೆಯೋ ಇಲ್ಲವೇ ಬಿಟ್ಟೇಹೋಗುತ್ತದೆಯೋ, ಅಜ್ಜ ಅಜ್ಜಿ ಜೊತೆಗೆ ಬರಬಹುದೇ ಎಂಬುದು ಯಾವುದೂ ಆ ಸಾಲಿನಲ್ಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ತಾಯಿಗೆ ಶನಿವಾರ ರಜೆಯೇ ಇಲ್ಲ, ಅವಳಿಗೆ ಬಿಡುವು ಭಾನುವಾರ. ದಿನಗೂಲಿಯ ತಂದೆಗೆ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಒಟ್ಟಿಗೇ ಹೋದಂತೆ. ಒಂದೆರಡು ಭೇಟಿ ತಪ್ಪಿದ ಮೇಲೆ ಆದೇಶ ಉಲ್ಲಂಘನೆಯ ಅರ್ಜಿ ಬರುತ್ತದೆ, ಅದಕ್ಕೆ ಆಕ್ಷೇಪಣೆ ಬರುತ್ತದೆ, ಮುಗಿದಿದ್ದ ಜಗಳ ಮಗುವಿನ ಹೆಸರಿನಲ್ಲಿ ಮತ್ತೆ ಶುರುವಾಗುತ್ತದೆ.

ಪೋಷಕರ ಮಧ್ಯಸ್ಥಿಕೆ ಸರಿಯಾಗಿ ನಡೆದಲ್ಲಿ ಅದು ಹುಟ್ಟಿಸುವ ಬರಹವನ್ನು ‘ಪಾಲನಾ ಯೋಜನೆ’ ಎನ್ನಬಹುದು. ತಂದೆತಾಯಿ ಬೇರೆಯಿದ್ದುಕೊಂಡೇ ಮಗುವಿನ ಬದುಕಿನ ಯಾವ ಯಾವ ವಿಷಯವನ್ನು ಯಾರು ಹೇಗೆ ನೋಡಿಕೊಳ್ಳಬೇಕೆಂದು ವಿವರವಾಗಿ ಬರೆದಿಟ್ಟುಕೊಳ್ಳುವ ಪತ್ರ ಅದು. ದಸರಾ ರಜೆಯ ಮೊದಲ ಪಾಲು ಯಾರ ಮನೆಯಲ್ಲಿ, ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವುದು ಯಾವ ಅಜ್ಜಿಯ ಮನೆಗೆ, ಯುಗಾದಿಯೋ ರಂಜಾನೋ ಕ್ರಿಸ್ಮಸ್ಸೋ ವರ್ಷ ಬಿಟ್ಟು ವರ್ಷ ಹಂಚಿಕೊಳ್ಳುವುದು ಹೇಗೆ, ಶಾಲೆಯ ಪೋಷಕರ ಸಭೆಗೆ ಇಬ್ಬರೂ ಬರಬಹುದೇ, ಅಂಕಪಟ್ಟಿಗೆ ಸಹಿ ಯಾರದು, ವರ್ಗಾವಣೆ ಪತ್ರ ತೆಗೆಸುವ ಮುನ್ನ ಇನ್ನೊಬ್ಬರಿಗೆ ಎಷ್ಟು ದಿನ ಮೊದಲು ತಿಳಿಸಬೇಕು, ಪಾಸ್‌ಪೋರ್ಟಿನ ಅರ್ಜಿಗೆ ಒಪ್ಪಿಗೆ ಕೊಡುವವರು ಯಾರು, ಶಸ್ತ್ರಚಿಕಿತ್ಸೆ ಬೇಕಾದಾಗ ಆಸ್ಪತ್ರೆಯಲ್ಲಿ ಯಾರ ಮಾತು ನಡೆಯಬೇಕು, ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ಮಾತಾಡುವ ಹೊತ್ತು ಯಾವುದು, ತಂದೆಯೋ ತಾಯಿಯೋ ಮರುಮದುವೆಯಾದರೆ ಆ ಸುದ್ದಿಯನ್ನು ಮಗುವಿಗೆ ಹೇಳುವವರು ಯಾರು ಎಂಬಷ್ಟು ಸಣ್ಣ ಸಂಗತಿಗಳೆಲ್ಲ ಅದರಲ್ಲಿ ಬರುತ್ತವೆ. ಇವು ಸಣ್ಣವೆಂದು ತೋರಬಹುದು, ಆದರೆ ಮುಂದೆ ಜಗಳ ಹುಟ್ಟುವುದು ಇವುಗಳಿಂದಲೇ. ಇಷ್ಟನ್ನು ಮಾತಾಡಲು ಒಂದು ಮಧ್ಯಾಹ್ನ ಸಾಲದು. ಮಧ್ಯಸ್ಥರಿಗೆ ಕಾನೂನಿನ ಜೊತೆಗೆ ಮಕ್ಕಳ ಮನಸ್ಸಿನ ತಿಳಿವಳಿಕೆಯೂ ಇರಬೇಕು. ಮನೋವೈದ್ಯರು, ಸಮಾಜ ಕಾರ್ಯಕರ್ತರು ಮುಂತಾದವರ ನೆರವು ಪಡೆಯಲು ಕುಟುಂಬ ನ್ಯಾಯಾಲಯಗಳ ಅಧಿನಿಯಮದ 12ನೆಯ ಕಲಮು ಎಂದಿನಿಂದಲೂ ಅವಕಾಶ ಕೊಟ್ಟಿದೆ, ಬಳಕೆ ಮಾತ್ರ ಅದಕ್ಕೆ ತಕ್ಕಷ್ಟಿಲ್ಲ.

ಮಗುವಿನ ಕಡೆಗೆ ಕಾನೂನು ತಿರುಗಿದ್ದು ನಿಧಾನವಾಗಿ. 1890ರ ಪಾಲಕರು ಮತ್ತು ಪಾಲಿತರ ಅಧಿನಿಯಮದ 17ನೆಯ ಕಲಮು ಅಪ್ರಾಪ್ತ ವಯಸ್ಕನ ಕ್ಷೇಮವನ್ನು ಮುಂದಿಟ್ಟು, ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಚ್ಛೆಯನ್ನೂ ಪರಿಗಣಿಸಬಹುದೆಂದಿತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ ತಂದೆಯನ್ನು ಸಹಜ ಪಾಲಕನೆಂದು ಮೊದಲಿಗೆ ಹೆಸರಿಸಿ, ‘ಆತನ ನಂತರ’ ತಾಯಿ ಎಂದು ಬರೆದು, ಐದು ವರ್ಷ ತುಂಬದ ಮಗುವಿನ ಸುಪರ್ದು ಸಾಮಾನ್ಯವಾಗಿ ತಾಯಿಗೆ ಇರಬೇಕೆಂದಿತು. ಪಾಲಕತ್ವವೆಂದರೆ ಮಗುವಿನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ, ಸುಪರ್ದು ಎಂದರೆ ಮಗು ದಿನನಿತ್ಯ ಯಾರ ಜೊತೆ ಇರುತ್ತದೆ ಎಂಬುದು. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ‘ನಂತರ’ ಎಂಬ ಮಾತಿಗೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಇಲ್ಲದಿರುವಾಗಲೂ ಉದಾಸೀನನಾಗಿರುವಾಗಲೂ ತಾಯಿಯೇ ಪಾಲಕಿ ಎಂದು ವಿವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಮಗು ಇರಬೇಕೆಂದು ಜಂಟಿ ಸುಪರ್ದಿನ ಆದೇಶ ಕೊಟ್ಟಿತು. ಈ ತೀರ್ಪನ್ನು ಗಮನಕ್ಕೆ ತೆಗೆದುಕೊಂಡ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನ ಮಾನ್ಯತೆ, ಪಾಲನಾ ಯೋಜನೆ, ತಜ್ಞರಿಂದ ಕಾಲಮಿತಿಯೊಳಗೆ ನಡೆಯುವ ಮಧ್ಯಸ್ಥಿಕೆ ಇವನ್ನೆಲ್ಲ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದಿದೆ.

ಮಗುವನ್ನು ಮೊದಲೇ ಬೇರೆಯಾಗಿ ನೋಡುವ ಏರ್ಪಾಡು ಹೇಗಿರುತ್ತದೆ ಎಂಬುದಕ್ಕೆ ನಾರ್ವೆಯನ್ನು ನೋಡಬಹುದು. ಅಲ್ಲಿ ಹದಿನಾರು ವರ್ಷದೊಳಗಿನ ಮಗುವಿರುವ ದಂಪತಿಗಳು ಬೇರೆಯಾಗುವ ಮೊದಲು ಮಧ್ಯಸ್ಥರೆದುರು ಕನಿಷ್ಠ ಒಂದು ಗಂಟೆ ಕೂರುವುದು ಕಡ್ಡಾಯ. ಬೇಕೆಂದವರು ಇನ್ನೂ ಆರು ಗಂಟೆಯವರೆಗೆ ಮುಂದುವರಿಸಬಹುದು. ಕೂತದ್ದಕ್ಕೆ ಕೊಡುವ ಪ್ರಮಾಣಪತ್ರ ಆರು ತಿಂಗಳು ಮಾನ್ಯ, ಅದಿಲ್ಲದೆ ಪ್ರತ್ಯೇಕತೆಯ ಅರ್ಜಿಯೇ ಮುಂದೆ ಸಾಗುವುದಿಲ್ಲ. ಮದುವೆಯಾಗದೆ ಜೊತೆಗಿದ್ದು ಬೇರೆಯಾಗುವವರಿಗೂ ಇದೇ ಕಟ್ಟಳೆ. ಈ ಕೆಲಸ ಹೆಚ್ಚಾಗಿ ನಡೆಯುವುದು 1997ರ ಕಾನೂನಿನಡಿ ದೇಶದುದ್ದಕ್ಕೂ ಇರುವ ಕುಟುಂಬ ಸಮಾಲೋಚನಾ ಕಚೇರಿಗಳಲ್ಲಿ. ಅಲ್ಲಿಗೆ ಹೋಗಲು ವೈದ್ಯರ ಚೀಟಿ ಬೇಡ, ವಕೀಲರೂ ಬೇಡ, ಹಣವೂ ಬೇಡ. ಅಲ್ಲಿ ಕೇಳುವ ಪ್ರಶ್ನೆ ‘ಮತ್ತೆ ಕೂಡುತ್ತೀರಾ’ ಎಂಬುದಲ್ಲ, ‘ಮಗು ಎಲ್ಲಿರುತ್ತದೆ, ಇನ್ನೊಬ್ಬರನ್ನು ಹೇಗೆ ಕಾಣುತ್ತದೆ’ ಎಂಬುದು. ಆಸ್ಟ್ರೇಲಿಯಾ 2006ರ ತಿದ್ದುಪಡಿಯಿಂದ ಇದೇ ಹಾದಿ ಹಿಡಿದಿದೆ, ಆದರೆ ಕುಟುಂಬದೊಳಗೆ ಹಿಂಸೆ ನಡೆದಿದ್ದರೆ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆ. ಸಣ್ಣ ಜನಸಂಖ್ಯೆಯ ಸಿರಿವಂತ ದೇಶವೊಂದರ ಏರ್ಪಾಡನ್ನು ರಾಯಚೂರಿಗೋ ಚಾಮರಾಜನಗರಕ್ಕೋ ಹಾಗೆಯೇ ತಂದು ನೆಡಲಾಗದು ಎಂಬ ಆಕ್ಷೇಪಣೆ ಸರಿಯೇ. ಆದರೆ ಇಲ್ಲಿ ಮೊದಲು ಕೇಳುವ ಪ್ರಶ್ನೆಯನ್ನು ಬದಲಿಸಿಕೊಳ್ಳುವುದಕ್ಕೆ ಸಿರಿವಂತಿಕೆ ಬೇಕಾಗಿಲ್ಲ.

ಹಿಂಸೆಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಸಮಾಲೋಚನೆಯ ಬಗ್ಗೆ ಮಹಿಳಾ ಸಂಘಟನೆಗಳಿಗಿರುವ ದೊಡ್ಡ ಸಂಶಯವೆಂದರೆ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಹಳೆಯ ಪಂಚಾಯಿತಿಯ ಮಾತೇ ಹೊಸ ಕುರ್ಚಿಯಲ್ಲಿ ಕೂತು ಕೇಳಿಸುತ್ತದೆ ಎಂಬುದು, ಅದು ಆಧಾರವಿಲ್ಲದ ಸಂಶಯವಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮದ 14ನೆಯ ಕಲಮು ಸಮಾಲೋಚನೆಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಆದರೆ 2006ರ ನಿಯಮಗಳು ಎಚ್ಚರಿಕೆಯಿಂದ, ಪ್ರತಿವಾದಿ ಸಮಾಲೋಚನೆಯಲ್ಲಿ ತಾನು ಮಾಡಿದ ಹಿಂಸೆಗೆ ಸಮರ್ಥನೆ ಹೇಳುವಂತಿಲ್ಲ, ಮುಂದೆ ಹಿಂಸೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕು, ಪಕ್ಷಕಾರರ ನೆಂಟರು ಸಮಾಲೋಚಕರಾಗುವಂತಿಲ್ಲ ಎಂದು ಬೇಲಿ ಹಾಕಿವೆ. ‘ಅವಳು ಎದುರುತ್ತರ ಕೊಟ್ಟಳು, ಅದಕ್ಕೇ ಹೊಡೆದೆ’ ಎಂಬ ಮಾತನ್ನು ಆ ಕೋಣೆಯಲ್ಲಿ ಆಡಲು ಬಿಡಬಾರದು ಎಂಬುದೇ ಈ ನಿಯಮದ ಹುರುಳು. ಹೊಡೆತ ತಿಂದವಳನ್ನೂ ಹೊಡೆದವನನ್ನೂ ಸರಿಸಮಾನರೆಂದು ಒಂದೇ ಮೇಜಿಗೆ ಕೂರಿಸುವ ಮಧ್ಯಸ್ಥಿಕೆ ನ್ಯಾಯವಲ್ಲ. ಮಗುವಿನ ವಿಷಯದಲ್ಲಿ ಮಾತುಕತೆ ಬೇಕೇ ಆದಲ್ಲಿ ಬೇರೆ ಬೇರೆ ಹೊತ್ತಿಗೆ ಕರೆದು, ಮಧ್ಯಸ್ಥರೇ ನಡುವೆ ಓಡಾಡಿ ಮಾಡಬಹುದು, ಇಲ್ಲವೇ ಮಾತುಕತೆ ಬೇಡವೆಂದು ನ್ಯಾಯಾಲಯಕ್ಕೆ ಒಪ್ಪಿಸಿಬಿಡಬಹುದು.

ಇನ್ನು ಈ ಸೇವೆಗಳು ಕೈಗೆ ಸಿಗುವ ಹೊತ್ತಿನ ವಿಚಾರ. ಈಗಿನ ಕ್ರಮದಲ್ಲಿ ಜನ ಮೊದಲು ವಕೀಲರನ್ನು ಕಾಣುತ್ತಾರೆ, ಅರ್ಜಿ ಸಿದ್ಧವಾಗುತ್ತದೆ, ಅರ್ಜಿ ಗಟ್ಟಿಯಾಗಿ ನಿಲ್ಲಬೇಕೆಂದು ಕ್ರೌರ್ಯದ ಆರೋಪಗಳು ಒಂದರ ಮೇಲೊಂದು ಸೇರುತ್ತವೆ, ಎದುರುಪಕ್ಷದ ಆಕ್ಷೇಪಣೆಯಲ್ಲಿ ಅದಕ್ಕಿಂತ ದೊಡ್ಡ ಆರೋಪಗಳು ಬರುತ್ತವೆ; ಇಷ್ಟನ್ನು ಪರಸ್ಪರ ಓದಿಕೊಂಡ ಮೇಲೆ ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಲಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2013ರ ತೀರ್ಪೊಂದರಲ್ಲಿ ಇದನ್ನೇ ಮನಗಂಡು, ಮಧ್ಯಸ್ಥಿಕೆ ಕೇಂದ್ರಗಳು ದಾವೆ ಪೂರ್ವದಲ್ಲೇ ವೈವಾಹಿಕ ಜಗಳಗಳನ್ನು ಬಗೆಹರಿಸುವ ಘಟಕಗಳನ್ನು ತೆರೆದು ಅವಕ್ಕೆ ಪ್ರಚಾರ ಕೊಡಬೇಕೆಂದಿತು. 2023ರ ಮಧ್ಯಸ್ಥಿಕೆ ಅಧಿನಿಯಮವೂ ದಾವೆ ಪೂರ್ವ ಮಧ್ಯಸ್ಥಿಕೆಗೆ ದಾರಿ ಮಾಡಿದೆ, ಆದರೆ ಪಕ್ಷಕಾರರ ಇಚ್ಛೆಗೆ ಬಿಟ್ಟಿದೆ. ಅಂಥದೊಂದು ಬಾಗಿಲು ಇದೆಯೆಂದೇ ಗೊತ್ತಿಲ್ಲದವರು ಇಚ್ಛೆಪಡುವುದಾದರೂ ಹೇಗೆ? ಮಗುವನ್ನು ಕರೆದುಕೊಂಡು ವಿದೇಶದಿಂದ ತವರಿಗೆ ಬಂದುಬಿಟ್ಟ ತಾಯಿ, ಇಲ್ಲವೇ ತಂದೆ, ಎಂಬ ಬಗೆಯ ಪ್ರಕರಣಗಳಲ್ಲಿ ಈ ಕೊರತೆ ಇನ್ನೂ ಕಣ್ಣಿಗೆ ಹೊಡೆಯುತ್ತದೆ: ಒಬ್ಬ ಪೋಷಕರು ಗಡಿ ದಾಟಿಸಿದ ಮಗುವನ್ನು ಮರಳಿ ಕಳಿಸುವ ಬಗ್ಗೆ ಹೇಗ್ ನಗರದಲ್ಲಿ 1980ರಲ್ಲಿ ಆದ ಒಡಂಬಡಿಕೆಗೆ ಭಾರತ ಸೇರಿಲ್ಲವಾದ್ದರಿಂದ, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ್ದ ಕನ್ನಡದ ದಂಪತಿಗಳ ಜಗಳ ಎರಡು ದೇಶಗಳ ನ್ಯಾಯಾಲಯಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ, ಮಧ್ಯೆ ಕೂರುವವರು ಯಾರೂ ಇರುವುದಿಲ್ಲ.

ಒಪ್ಪಂದ ಒಂದು ಸಲ ಆದರೆ ಮುಗಿಯಿತು ಎಂಬ ಭಾವನೆಯೂ ಬಿಡಬೇಕಾದ್ದೇ. ಐದನೆಯ ವಯಸ್ಸಿನ ಮಗುವಿಗೆಂದು ಬರೆದ ಶನಿವಾರಗಳು ಹನ್ನೆರಡನೆಯ ವಯಸ್ಸಿಗೆ ಹೊಂದುವುದಿಲ್ಲ. ಅಷ್ಟುಹೊತ್ತಿಗೆ ಟ್ಯೂಷನ್ ಬಂದಿರುತ್ತದೆ, ಗೆಳೆಯರಿರುತ್ತಾರೆ, ಕ್ರಿಕೆಟ್ ಇರುತ್ತದೆ, ತಂದೆಗೆ ಕಲಬುರಗಿಗೆ ವರ್ಗವಾಗಿರುತ್ತದೆ. ಹಿಂದೂ ವಿವಾಹ ಅಧಿನಿಯಮದ 26ನೆಯ ಕಲಮು ಮಕ್ಕಳ ಬಗೆಗಿನ ಆದೇಶಗಳನ್ನು ಡಿಕ್ರಿಯಾದ ಮೇಲೂ ಕಾಲಕಾಲಕ್ಕೆ ಬದಲಿಸಲು ಅವಕಾಶವಿಟ್ಟಿದೆ. ನಾರ್ವೆಯ ತಂದೆತಾಯಿ ಇಂಥ ಬದಲಾವಣೆಗೆ ಅದೇ ಸಮಾಲೋಚನಾ ಕಚೇರಿಗೆ ಮರಳಿ ಹೋಗುತ್ತಾರೆ. ಇಲ್ಲಿ ಅದೇ ಬದಲಾವಣೆಗೆ ಮತ್ತೆ ವಕಾಲತ್ತು ಹಾಕಿಸಿ, ಅರ್ಜಿ ಬರೆಸಿ, ನೋಟಿಸು ಜಾರಿಯಾಗುವುದನ್ನು ಕಾದು, ಏಳು ವರ್ಷದ ಹಿಂದೆ ಇಳಿದುಬಂದ ನ್ಯಾಯ ದೇಗುಲದ ಮೆಟ್ಟಿಲನ್ನು ಮೊದಲಿನಿಂದ ಹತ್ತಬೇಕು; ಈ ಸಲ ಜೊತೆಯಲ್ಲಿ ಬರುವ ಮಗುವಿಗೆ ಎಲ್ಲವೂ ಅರ್ಥವಾಗುವ ವಯಸ್ಸು.